ಕೊಡಚಾದ್ರಿಯ ಗಾಳಿ, ಮರವಂತೆಯ ಮರಳು

ಮೊದಲ ದಿನ: ರೈಲು ಮತ್ತು ನಾಲ್ಕು ಪೈಪು

ಶಿವಮೊಗ್ಗದಿಂದ ತಾಳಗುಪ್ಪದ ರೈಲು ಹತ್ತಿ ಕುಳಿತ ಮೇಲೆ ನನ್ನ ಗೆಳತಿಗೆ ನೆನಪಾಯಿತು: ಒಂದೊಂದು ಮೀಟರಿನ ನಾಲ್ಕು ಪಿವಿಸಿ ಪೈಪುಗಳನ್ನು ತಂದಿದ್ದಳು, ಅವುಗಳನ್ನು ಚೌಕವಾಗಿ ಜೋಡಿಸುವ ಎಲ್ಬೋಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಸಸ್ಯ ಪರಿಸರವಿಜ್ಞಾನದಲ್ಲಿ ಈ ಚೌಕಟ್ಟಿನಷ್ಟು ಅಗ್ಗದ ಉಪಕರಣ ಇನ್ನೊಂದಿಲ್ಲ, ಅದಿಲ್ಲದೆ ಕೆಲಸವೂ ಸಾಗುವುದಿಲ್ಲ. ಅದನ್ನು ನೆಲದ ಮೇಲಿಟ್ಟು, ಒಳಗೆ ಸಿಕ್ಕ ಗಿಡಗಳು ಯಾವುವು, ಎಷ್ಟಿವೆ, ನೆಲದ ಎಷ್ಟು ಭಾಗವನ್ನು ಮುಚ್ಚಿವೆ ಎಂದು ಬರೆದುಕೊಳ್ಳಬೇಕು. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಅದನ್ನೇ ಮಾಡಬೇಕು. ಕಣ್ಣಿಗೆ ಚೆಂದ ಕಂಡದ್ದನ್ನು ಮಾತ್ರ ಎಣಿಸುವ ಚಪಲಕ್ಕೆ ಅದು ಕಡಿವಾಣ ಹಾಕುತ್ತದೆ.

ಆಕೆ ಕರಾವಳಿಯ ಮರಳು ದಿಬ್ಬಗಳ ಸಸ್ಯಗಳನ್ನು ಹಲವು ವರ್ಷಗಳಿಂದ ಅಭ್ಯಾಸ ಮಾಡುತ್ತಿರುವ ಸಂಶೋಧಕಿ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ಈ ಪ್ರವಾಸಕ್ಕೆ ಮುಂಚೆ ನಮ್ಮಿಬ್ಬರಲ್ಲಿ ಒಂದು ಕರಾರಾಗಿತ್ತು. ಮಲೆನಾಡಿನಲ್ಲಿ ಮರ ಬೆಳೆಯದ ಜಾಗಗಳನ್ನು ನಾನು ತೋರಿಸಬೇಕು, ಕಡಲ ದಂಡೆಯ ಮರಳನ್ನು ಆಕೆ ತೋರಿಸಬೇಕು. ನಮ್ಮೂರ ಕಡೆಗೆ ಬಂದವರೆಲ್ಲ ಕಾಡನ್ನು, ಜಲಪಾತವನ್ನು ಕೇಳುತ್ತಾರೆ. ಬೋಳು ಜಾಗ ಎಲ್ಲಿದೆ ಎಂದು ಕೇಳಿದ ಅತಿಥಿ ನನಗೆ ಸಿಕ್ಕಿದ್ದು ಅದೇ ಮೊದಲು.

ಕುಂಸಿ ದಾಟುವ ಹೊತ್ತಿಗೆ ಮಾತು ಹೆನ್ರಿ ಚಾಂಡ್ಲರ್ ಕೌಲ್ಸ್‌ನ ಕಡೆಗೆ ಹೊರಳಿತು. ಮರಳು ದಿಬ್ಬದ ಗಿಡಗಳ ಬಗ್ಗೆ ಯಾರೇ ಮಾತು ತೆಗೆದರೂ ಅದು ಒಮ್ಮೆ ಅವನ ಮನೆಬಾಗಿಲಿಗೆ ಹೋಗಿ ಬರುತ್ತದೆ. ಡೆನ್ಮಾರ್ಕಿನ ಯುಜೀನಿಯಸ್ ವಾರ್ಮಿಂಗ್ ಸಸ್ಯ ಸಮುದಾಯಗಳ ಕುರಿತು 1895ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಭಾವಿತನಾದ ಕೌಲ್ಸ್, ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಮಿಷಿಗನ್ ಸರೋವರದ ದಂಡೆಯ ದಿಬ್ಬಗಳನ್ನು ತಿರುಗಿ ನೋಡಿ, 1899ರಲ್ಲಿ ತನ್ನ ಅಧ್ಯಯನವನ್ನು ಹೊರತಂದನು. ಸರೋವರ ಕಾಲಾಂತರದಲ್ಲಿ ಹಿಂದೆ ಸರಿಯುತ್ತ ಹೋದುದರಿಂದ ಅಲ್ಲಿ ನೀರಿನ ಅಂಚಿನ ದಿಬ್ಬ ಹೊಸದು, ಒಳನಾಡಿನ ದಿಬ್ಬ ಹಳೆಯದು. ಹೀಗಾಗಿ ದಂಡೆಯಿಂದ ಒಳಕ್ಕೆ ನಡೆದವನು ಒಂದೇ ಮಧ್ಯಾಹ್ನದಲ್ಲಿ ಹುಲ್ಲಿನಿಂದ ಪೊದೆಗೆ, ಪೊದೆಯಿಂದ ಪೈನ್‌ಗೆ, ಪೈನ್‌ನಿಂದ ಓಕ್ ಕಾಡಿಗೆ, ಅಂದರೆ ಸಾವಿರಾರು ವರ್ಷಗಳ ಉದ್ದಕ್ಕೆ ನಡೆದಂತಾಗುತ್ತದೆ. ಒಂದು ಸಸ್ಯ ಸಮುದಾಯ ನೆಲವನ್ನು ಹದಗೊಳಿಸಿ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುವ ಈ ಅನುಕ್ರಮಣವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ.

“ಅದನ್ನು ಹಾಗೇ ತಂದು ನಮ್ಮ ಕಡಲಿಗೆ ಅಂಟಿಸಬೇಡ ಮಾರಾಯ್ತಿ,” ಎಂದಳು ಗೆಳತಿ. “ಅದು ಸಿಹಿನೀರಿನ ಸರೋವರ, ಅಲ್ಲಿ ಉಪ್ಪಿಲ್ಲ. ಅಲ್ಲಿ ದಂಡೆ ಬೆಳೆಯುತ್ತ ಬಂತು, ಇಲ್ಲಿ ಕಡಲು ದಂಡೆಯನ್ನು ತಿನ್ನುತ್ತ ಬರುತ್ತಿದೆ. ಐದನೆಯ ದಿನ ತೋರಿಸುತ್ತೇನೆ.”

ಸಾಗರದಲ್ಲಿ ಇಳಿದು ಮೊದಲು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ನಾಲ್ಕೇ ನಾಲ್ಕು ಎಲ್ಬೋ ಕೇಳಿದ್ದಕ್ಕೆ, ಪೈಪಿನ ಅಳತೆ ನೋಡಿದ ಅಂಗಡಿಯವರು ನಲ್ಲಿ ಎಲ್ಲಿ ಕೂರಿಸುತ್ತೀರಿ ಎಂದು ಕಾಳಜಿಯಿಂದ ವಿಚಾರಿಸಿದರು. ನೀರು ಹಾಯಿಸುವುದಿಲ್ಲ, ಹುಲ್ಲು ಎಣಿಸುತ್ತೇವೆ ಎಂದಾಗ ಅವರು ಹಣ ಎಣಿಸಿಕೊಂಡು ಸುಮ್ಮನಾದರು.

ಎರಡನೆಯ ದಿನ: ಜಂಬಿಟ್ಟಿಗೆಯ ಹಾಸು

ಭೂಮಿ ಹುಣ್ಣಿಮೆಗೆ ಇನ್ನೊಂದು ವಾರವಿತ್ತು. ಗದ್ದೆಗಳಲ್ಲಿ ಭತ್ತ ಬಸಿರಾಗಿತ್ತು. ಸಾಗರದಿಂದ ಹೊಸನಗರದ ಕಡೆಗೆ ಸ್ವಲ್ಪ ದೂರ ಹೋಗಿ, ರಸ್ತೆ ಬಿಟ್ಟು ಒಳಗೆ ನಡೆದರೆ ಕೆಂಪು ಕಲ್ಲಿನ ಒಂದು ದೊಡ್ಡ ಹಾಸು ಸಿಗುತ್ತದೆ. ನಾವು ಜಂಬಿಟ್ಟಿಗೆ ಎನ್ನುವ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್. ಮಲಬಾರಿನಲ್ಲಿ ಅದನ್ನು ಕಡಿದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಆ ಹೆಸರನ್ನು ಮಾಡಿ 1807ರಲ್ಲಿ ಅಚ್ಚಿಗೆ ಕೊಟ್ಟನು. ನಮ್ಮ ಮಾತಿನ ಒಳಗೂ ಇಟ್ಟಿಗೆ ಕುಳಿತಿದೆ ಎಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ, 1801ರಲ್ಲಿ ಅವನು ನಮ್ಮ ಬಿದನೂರು ನಗರದ ದಾರಿಯಲ್ಲೇ ಹಾದುಹೋದವನು.

ದೂರದಿಂದ ಬೋಳು ಕಾಣುವ ಹಾಸು, ಮಂಡಿಯೂರಿ ಕುಳಿತೊಡನೆ ಬೇರೆಯಾಯಿತು. ಮೊದಲ ಚೌಕವನ್ನು ಇಟ್ಟಲ್ಲಿ ಒಂದು ಬೆರಳಿನಷ್ಟೂ ಮಣ್ಣಿರಲಿಲ್ಲ, ಮಣ್ಣಿನ ಮೇಲೆ ಹರಿಯುವ ನೀರಿನ ತೆಳು ಪದರವಿತ್ತು, ಆ ನೀರಿನಿಂದ ನೂರಾರು ನೇರಳೆ ಹೂಗಳು ಎದ್ದು ನಿಂತಿದ್ದವು. ಯುಟ್ರಿಕ್ಯುಲೇರಿಯಾ. ಗೆಳತಿ ಚಿಮುಟದಿಂದ ಒಂದು ಗಿಡವನ್ನು ಎತ್ತಿ, ಅಂಗೈಯ ನೀರಿನಲ್ಲಿ ತೇಲಿಬಿಟ್ಟು, ಕೈಮಸೂರವನ್ನು ನನ್ನ ಕಣ್ಣಿಗೆ ಹಿಡಿದಳು. ಬೇರು ಇರಬೇಕಾದ ಕಡೆ ಬೇರಿಲ್ಲ. ದಾರದಂಥ ಎಳೆಗಳ ಮೇಲೆ ಸಾಸಿವೆಗಿಂತ ಸಣ್ಣ ಪಾರದರ್ಶಕ ಚೀಲಗಳು. ಒಳಗಿನ ನೀರನ್ನು ಹೊರಹಾಕಿ ಚೀಲ ಬಿಗಿದುಕೊಂಡಿರುತ್ತದೆ. ಬಾಗಿಲ ಬಳಿಯ ರೋಮಕ್ಕೆ ಸೂಕ್ಷ್ಮಜೀವಿಯೊಂದು ತಾಕಿದರೆ ಸಾಕು, ಬಾಗಿಲು ತೆರೆದು ನೀರಿನೊಂದಿಗೆ ಜೀವಿಯೂ ಒಳಕ್ಕೆ ಸೆಳೆಯಲ್ಪಡುತ್ತದೆ, ರೆಪ್ಪೆ ಮಿಟುಕಿಸುವುದಕ್ಕಿಂತ ಬೇಗ. ಪಕ್ಕದಲ್ಲೇ ಡ್ರಾಸೆರಾ ತನ್ನ ಎಲೆಯ ಅಂಟುಹನಿಗಳನ್ನು ಬಿಸಿಲಿಗೆ ಒಡ್ಡಿಕೊಂಡು ನುಸಿಗಳಿಗಾಗಿ ಕಾಯುತ್ತಿತ್ತು. ಮಳೆಗಾಲ ಪೂರ್ತಿ ತೊಳೆದುಹೋಗುವ ಈ ಮಣ್ಣಿನಲ್ಲಿ ಸಾರಜನಕ, ರಂಜಕ ಎರಡಕ್ಕೂ ಬರ. ಹಾಗಾಗಿ ಗೊಬ್ಬರವನ್ನು ಬೇಟೆಯಾಡಿ ತರುವ ಗಿಡಗಳಿಗೆ ಇಲ್ಲಿ ಸಂಸಾರ ಸಾಧ್ಯವಾಗಿದೆ.

ಕಬ್ಬಿಣದ ಸಲಾಕೆಯನ್ನು ಊರಿ ಊರಿ ಮಣ್ಣಿನ ಆಳವನ್ನು ಅಳೆಯುತ್ತ ಹೋದಂತೆ ಒಂದು ಕ್ರಮ ಗೋಚರಿಸತೊಡಗಿತು. ಬರಿಯ ಕಲ್ಲಿನ ಮೇಲೆ ಕಲ್ಲುಹೂವು. ಬೆರಳು ಮಣ್ಣಿದ್ದಲ್ಲಿ ಯುಟ್ರಿಕ್ಯುಲೇರಿಯಾ ಮತ್ತು ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲನ್. ಗೇಣು ಮಣ್ಣಿದ್ದಲ್ಲಿ ಕರಡದ ಹುಲ್ಲು. ಕಲ್ಲು ಸೀಳಿದ್ದಲ್ಲಿ ಮಾತ್ರ ಒಂದು ಕುಳ್ಳ ನೇರಳೆ. ಇದನ್ನು ಕಂಡು ನನಗೆ ಕೌಲ್ಸ್ ನೆನಪಾದನು. ಕಲ್ಲುಹೂವು ಮುಂದೊಂದು ದಿನ ನೇರಳೆಗೆ ಜಾಗ ಬಿಡುತ್ತದೆ ಎಂದೆ. ಬಿಡಬೇಕೆಂದೇನೂ ಇಲ್ಲ ಎಂದು ಗೆಳತಿ ತಲೆಯಾಡಿಸಿದಳು. ಏಪ್ರಿಲ್‌ನಲ್ಲಿ ಈ ಹಾಸು ಬಾಣಲೆಯಂತೆ ಕಾಯುತ್ತದೆ, ಜೂನ್‌ನಲ್ಲಿ ಕೂಡಿದ್ದ ಮಣ್ಣು ಕೊಚ್ಚಿಹೋಗುತ್ತದೆ. ಪ್ರತಿವರ್ಷ ಲೆಕ್ಕ ಸೊನ್ನೆಯಿಂದ ಶುರುವಾಗುವ ಕಡೆ ಅಕ್ಕಪಕ್ಕ ಇರುವುದನ್ನೆಲ್ಲ ಹಿಂದುಮುಂದು ಎಂದು ಓದಬಾರದು ಎಂಬುದು ಆಕೆಯ ವಾದ. ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಮ್ಮ ಚೌಕವನ್ನು ನೋಡಿ ನಿಂತರು.

“ಇಲ್ಲಿ ಎಂಥ ಬೆಳೀತದೆ ಮೇಡಂ? ಬರೀ ಬ್ಯಾಣ ಇದು.”

“ದನಕ್ಕೆ ಹುಲ್ಲು ಎಲ್ಲಿಂದ ತರ್ತೀರಿ ಯಜಮಾನ್ರೆ?”

“ಹುಲ್ಲಾ? ಮಳೆಗಾಲ ಪೂರ್ತಿ ಇಲ್ಲೇ ಮೇಯೋದು.”

ಬ್ಯಾಣ ಎಂದರೆ ನಮ್ಮಲ್ಲಿ ಮರವಿಲ್ಲದ ಹುಲ್ಲು ಬಯಲು. ಅವರ ಮಾತಿನಲ್ಲಿ ನಗುವಂಥದ್ದೇನೂ ಇಲ್ಲ, ಏಕೆಂದರೆ ಕಡತಗಳ ಮಾತೂ ಇದೇ. ಮರವಿಲ್ಲದ ನೆಲ ಖಾಲಿ ನೆಲ, ಖಾಲಿ ನೆಲದಲ್ಲಿ ಮರ ನೆಡಬೇಕು. ಹಾಸಿನ ಆಚೆ ಅಂಚಿನಲ್ಲಿ ಅಕೇಶಿಯಾ ತೋಪು ಆರಂಭವಾಗಿತ್ತು. ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಡೆಯ ಈ ಮರ ಮಲೆನಾಡಿನ ಎಷ್ಟೋ ಬ್ಯಾಣಗಳನ್ನು ಆವರಿಸಿದೆ. ತೋಪಿನ ಒಳಗೆ ಚೌಕವನ್ನಿಟ್ಟಾಗ ಸಿಕ್ಕಿದ್ದು ಒಣಗಿದ ಎಲೆಯ ದಪ್ಪ ಹಾಸು ಮತ್ತು ಅದರ ನಡುವೆ ಒಂದು ಅಕೇಶಿಯಾದ್ದೇ ಮೊಳಕೆ. ಗೆಳತಿ ಆ ಮೊಳಕೆಯನ್ನು ತೋರಿಸಿದಳು: ಬುಡದ ಎಲೆಗಳು ನಮ್ಮ ಸೀಗೆಯಂತೆ ಗರಿಗರಿಯಾಗಿದ್ದವು, ಮೇಲೆ ಹೋದಂತೆ ಗರಿ ಉದುರಿ ತೊಟ್ಟು ಅಗಲವಾಗುತ್ತ, ತುದಿಯಲ್ಲಿ ಕುಡುಗೋಲಿನಂಥ ಹಸಿರು ಪಟ್ಟಿ ಮಾತ್ರ ಉಳಿದಿತ್ತು. ನಾವು ಅಕೇಶಿಯಾದ ಎಲೆ ಎನ್ನುವುದು ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಒಂದೇ ಗಿಡದಲ್ಲಿ ಎರಡನ್ನೂ ಕಂಡದ್ದು ಅಂದೇ.

ಮೂರನೆಯ ದಿನ: ಕತ್ತಲೇಕಾನು

ಜೋಗವನ್ನು ದಾಟಿ ಹೊನ್ನಾವರದ ದಾರಿಯಲ್ಲಿ ಸಿದ್ದಾಪುರ ತಾಲ್ಲೂಕಿನ ಕತ್ತಲೇಕಾನಿಗೆ ಹೋದೆವು. ಅನುಮತಿ ಪತ್ರದಲ್ಲಿ ಕಚೇರಿಯೊಂದು ನಮ್ಮ ಪ್ರವಾಸದ ತಿಂಗಳನ್ನೇ ತಪ್ಪಾಗಿ ನಮೂದಿಸಿದ್ದುದರಿಂದ ಅರ್ಧ ದಿನ ಫೋನಿನಲ್ಲಿ ಕಳೆಯಿತು, ಕಾಡಿನೊಳಗೆ ಕಾಲಿಟ್ಟಾಗ ಮಧ್ಯಾಹ್ನ ದಾಟಿತ್ತು. ಏನನ್ನೂ ಕೀಳಬಾರದು, ನೋಡಬಹುದು ಎಂಬುದು ನಿಬಂಧನೆ, ಅದು ಸರಿಯೇ.

ನಿನ್ನೆಯದು ನೀರು ನಿಲ್ಲದ ನೆಲವಾದರೆ ಇದು ನೀರು ಬಿಡದ ನೆಲ. ರಾಮಪತ್ರೆಯ ಬಳಗದ ಮರಗಳು ವರ್ಷವಿಡೀ ಹರಿಯುವ ಹಳ್ಳದಲ್ಲಿ ಕಾಲಿಳಿಬಿಟ್ಟು ನಿಂತಿವೆ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲ. ಅದಕ್ಕಾಗಿ ಕೆಲವು ಮರಗಳ ಬೇರು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗೆ ಇಳಿಯುತ್ತದೆ, ಇನ್ನು ಕೆಲವಕ್ಕೆ ಕಾಂಡದಿಂದಲೇ ಊರುಗೋಲಿನಂಥ ಬೇರುಗಳು. ಈ ಕಾನಿನ ಹೆಸರನ್ನೇ ಹೊತ್ತ ಸೆಮಿಕಾರ್ಪಸ್ ಕತ್ತಲೇಕಾನೆನ್ಸಿಸ್ ಎಂಬ ಮರ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ, ನಮ್ಮ ಎಂ.ಎಸ್ಸಿ. ಹರ್ಬೇರಿಯಂಗಳೆಲ್ಲ ಭರ್ತಿಯಾಗಿ ಬೀರು ಸೇರಿದ ಮೇಲೆ. ಗೇರಿನ ಕುಟುಂಬದ್ದು, ಅದರ ಸೊನೆ ತಾಗದಂತೆ ದೂರದಿಂದ ನಮಸ್ಕಾರ ಮಾಡುವುದು ಒಳ್ಳೆಯದು.

ಕಾನು ಎಂಬ ಮಾತು ನಮ್ಮಲ್ಲಿ ಸುಮ್ಮನೆ ಕಾಡು ಎಂದಲ್ಲ. ಊರಿನವರು ದೇವರ ಹೆಸರಿನಲ್ಲೋ, ಮೆಣಸು, ಬಗನಿಗಾಗಿಯೋ ಕಾದುಕೊಂಡು ಬಂದ ನಿತ್ಯಹರಿದ್ವರ್ಣದ ತುಂಡುಗಳಿವು. ಸೊರಬದ ಕಾನುಗಳ ಬಗ್ಗೆ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ವರದಿ ಬರೆದಾಗ ಆ ಒಂದು ತಾಲ್ಲೂಕಿನಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದ್ದರು.

ಹಳ್ಳದ ದಂಡೆಯಲ್ಲಿ ಉಂಬಳ ಕಿತ್ತುಕೊಳ್ಳುತ್ತ ಕುಳಿತಾಗ ಗೆಳತಿ ಬೀಜಗಳ ವಿಷಯ ತೆಗೆದಳು. ರಾಮಪತ್ರೆಯಂಥವುಗಳ ದಪ್ಪ ಬೀಜವನ್ನು ಮಂಗಟ್ಟೆ ಹಕ್ಕಿ ಒಯ್ದು ಬೀಳಿಸಬೇಕು, ಬಿದ್ದ ಬೀಜ ಬೇಗ ಮೊಳೆಯಬೇಕು, ಒಣಗಿದರೆ ಸತ್ತಂತೆಯೇ. ಮರಳಿನ ಮೇಲಿನ ಅಡುಂಬು ಬಳ್ಳಿಯ ಬೀಜವಾದರೋ ಗಟ್ಟಿ ಸಿಪ್ಪೆಯೊಳಗೆ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ತೇಲಿ, ಇನ್ನೊಂದು ದೇಶದ ದಂಡೆ ಸೇರಿ ಮೊಳೆಯಬಲ್ಲದು. ಹಾಗಾಗಿ ಅಡುಂಬು ಉಷ್ಣವಲಯದ ಕಡಲ ದಂಡೆಗಳಲ್ಲೆಲ್ಲ ಇದೆ, ಈ ಸೆಮಿಕಾರ್ಪಸ್ ಬೆರಳೆಣಿಕೆಯ ಹಳ್ಳಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ.

ರಾತ್ರಿ ನಿಟ್ಟೂರಿನ ಪರಿಚಿತರ ಮನೆ ತಲುಪಿದಾಗ ತುಂಬ ಹೊತ್ತಾಗಿತ್ತು. ಊಟಕ್ಕೆ ಅಪ್ಪೆಹುಳಿ ಇತ್ತು. ಯಜಮಾನರ ಮಾತು ಅಡಿಕೆಯ ಕೊಳೆರೋಗದಿಂದ ಆರಂಭವಾಗಿ ಸೊಪ್ಪಿನಬೆಟ್ಟಕ್ಕೆ ಬಂದು ನಿಂತಿತು: ಬೆಟ್ಟದ ಹಸಿಸೊಪ್ಪು, ದರಕು ಎನ್ನುವ ಒಣ ಎಲೆ ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ತೋಟ ತಲೆತಲಾಂತರ ಫಲ ಕೊಡುತ್ತಿರುವುದು ಬೆಟ್ಟ ತನ್ನ ಸಾರವನ್ನು ಕಳೆದುಕೊಂಡದ್ದರಿಂದ ಎಂಬುದನ್ನು ಅವರೇ ಹೇಳಿದರು, ನಾವು ಕೇಳಿರಲಿಲ್ಲ.

ನಾಲ್ಕನೆಯ ದಿನ: ಗಾಳಿ ಕತ್ತರಿಸಿದ ಕಾಡು

ಕೊಡಚಾದ್ರಿಗೆ ಜೀಪಿನಲ್ಲಿ ಹೋಗುವುದನ್ನು ಪ್ರಯಾಣ ಎನ್ನುವುದಕ್ಕಿಂತ ಕುಟ್ಟಾಣಿಯೊಳಗಿನ ಶುಂಠಿಯ ಅನುಭವ ಎನ್ನಬಹುದು. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ.

1,343 ಮೀಟರ್ ಎತ್ತರದ ಈ ಬೆಟ್ಟದ ಮೇಲ್ಭಾಗದಲ್ಲಿ ಹುಲ್ಲುಗಾವಲು ಮತ್ತು ಶೋಲಾ ಕಾಡು ಒಂದರ ಪಕ್ಕದಲ್ಲಿ ಒಂದಿವೆ. ದಿಣ್ಣೆಗಳ ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಗಿಡ್ಡ ಮರಗಳ ದಟ್ಟ ಕಾಡು. ನಡುವಿನ ಗೆರೆ ಎಷ್ಟು ಚೊಕ್ಕವೆಂದರೆ ಒಂದು ಕಾಲನ್ನು ಬಿಸಿಲಿನಲ್ಲೂ ಇನ್ನೊಂದನ್ನು ಪಾಚಿ ಹಿಡಿದ ನೆರಳಿನಲ್ಲೂ ಇಟ್ಟು ನಿಲ್ಲಬಹುದು. ಇದಕ್ಕೆ ಕಾರಣ ಕೇಳಿದರೆ ನೀಲಗಿರಿಯವರು ಚಳಿಗಾಲದ ರಾತ್ರಿ ಇಬ್ಬನಿ ಹೆಪ್ಪುಗಟ್ಟುವುದನ್ನು ಹೇಳುತ್ತಾರೆ. ನಮ್ಮಲ್ಲಿ ಆ ಕಾರಣ ನಡೆಯದು. ಮಣ್ಣಿನ ಆಳ, ಬೇಸಿಗೆಯ ಬೆಂಕಿ, ಗಾಳಿ ಈ ಮೂರನ್ನೂ ಕೂಡಿಸಿಯೇ ನೋಡಬೇಕಾಗುತ್ತದೆ.

ಗಾಳಿಯ ಕೈವಾಡ ಮಾತ್ರ ಅಂಚಿನ ಮರಗಳ ನೆತ್ತಿಯ ಮೇಲೆ ಎದ್ದು ಕಾಣುತ್ತಿತ್ತು. ಪಡುವಣ ದಿಕ್ಕಿನ ಮೊದಲ ಮರ ಎದೆಮಟ್ಟ, ಅದರ ಹಿಂದಿನದು ಆಳೆತ್ತರ, ಅದರ ಹಿಂದಿನದು ಎರಡಾಳು. ಯಾರೋ ಕತ್ತರಿ ಹಿಡಿದು ಇಳಿಜಾರಾಗಿ ಸವರಿದಂತೆ. ಮುಂದಿನ ಮರ ಪೆಟ್ಟು ತಿಂದು ಹಿಂದಿನದಕ್ಕೆ ಆಸರೆಯಾಗುತ್ತದೆ. ಗೆಳತಿ ಬಹಳ ಹೊತ್ತು ಆ ಇಳಿಜಾರನ್ನೇ ನೋಡಿ, ಮರಳು ದಿಬ್ಬದ ಪೊದೆಗಳಲ್ಲೂ ಇದೇ ಆಕಾರ ಕಾಣುತ್ತದೆ, ಅಲ್ಲಿ ಕಡಲ ತುಂತುರಿನ ಉಪ್ಪು ಗಾಳಿಯ ಕಡೆಯ ಚಿಗುರನ್ನು ಸುಡುತ್ತದೆ, ಉಪ್ಪಿಲ್ಲದೆಯೂ ಗಾಳಿಯೊಂದೇ ಇಷ್ಟು ಮಾಡಬಲ್ಲದು ಎಂಬುದನ್ನು ಇಲ್ಲಿ ನೋಡಿದಂತಾಯಿತು ಎಂದಳು. ಕೋನಮಾಪಕವನ್ನು ದಾರಕ್ಕೆ ಕಟ್ಟಿ ಇಳಿಜಾರನ್ನು ಅಳೆದುಕೊಂಡೆವು. ಪ್ರವಾಸಿಗಳಲ್ಲಿ ಇಬ್ಬರು ನಮ್ಮನ್ನು ರಸ್ತೆ ಸರ್ವೆಯವರೆಂದು ತಿಳಿದು ಡಾಂಬರು ಯಾವಾಗ ಎಂದು ಕೇಳಿದರು.

ಶಿಖರದ ಬಳಿ ಕುಳಿತು ಅವಲಕ್ಕಿ ತಿನ್ನುವಾಗ ಹಳೆಯ ಜಗಳವೊಂದನ್ನು ಮತ್ತೆ ಹೂಡಿದೆವು. ಸಸ್ಯ ಸಮುದಾಯವು ಒಂದು ಜೀವಿಯ ಹಾಗೆ ಹುಟ್ಟಿ, ಬೆಳೆದು, ಕೊನೆಯ ಸ್ಥಿತಿಗೆ ತಲುಪುತ್ತದೆ ಎಂದು ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಬರೆದನು. ಹಾಗಲ್ಲ, ಪ್ರತಿ ಜಾತಿಯೂ ತನ್ನ ಪಾಡಿಗೆ ತಾನು ಬಂದು ನೆಲೆಸುತ್ತದೆ, ಸಮುದಾಯ ಎಂಬುದು ನಮ್ಮ ಕಣ್ಣಿಗೆ ಕಾಣುವ ಕೂಡಿಕೆ ಎಂದು ಹೆನ್ರಿ ಗ್ಲೀಸನ್ 1926ರಲ್ಲಿ ವಾದಿಸಿದನು. ಓದುವ ದಿನಗಳಲ್ಲಿ ನಾನು ಕ್ಲೆಮೆಂಟ್ಸ್‌ನ ಪಕ್ಷ. ಕ್ಲೆಮೆಂಟ್ಸ್‌ನನ್ನು ಪೂರ್ತಿ ನಂಬಿದರೆ ಹುಲ್ಲುಗಾವಲು ಎಂಬುದು ಕಾಡಾಗಲು ಕಾಯುತ್ತಿರುವ ನೆಲವಾಗಿಬಿಡುತ್ತದೆ, ಆಗ ಅಲ್ಲಿ ಅಕೇಶಿಯಾ ನೆಟ್ಟವನು ಪ್ರಕೃತಿಗೆ ಉಪಕಾರ ಮಾಡಿದವನೆಂದೇ ಲೆಕ್ಕ. ಮೊನ್ನೆ ಜಂಬಿಟ್ಟಿಗೆಯ ಮೇಲೆ ಆಕೆ ತಲೆಯಾಡಿಸಿದ್ದು ಯಾಕೆಂದು ಆಗ ನನಗೆ ಅರ್ಥವಾಯಿತು.

ಮಂಜು ಸರಿದಾಗ ಪಶ್ಚಿಮಕ್ಕೆ ಕಡಲು ಬೆಳ್ಳಿಯ ಗೆರೆಯಂತೆ ಕಂಡಿತು. ಕೆಳಗೆ ಕಾಡಿನೊಳಗೆ ಎಲ್ಲೋ ಸೌಪರ್ಣಿಕಾ ಹುಟ್ಟುತ್ತಿತ್ತು.

ಐದನೆಯ ದಿನ: ಮರಳು

ನಾಗೋಡಿಯ ಘಾಟಿ ಇಳಿದು ಕೊಲ್ಲೂರಿನ ಮೂಲಕ ಸೌಪರ್ಣಿಕೆಯ ಜೊತೆಗೇ ಬಂದೆವು. ಬೆಟ್ಟ ಸವೆದದ್ದನ್ನು ಹೊಳೆ ಕಡಲಿಗೆ ಒಯ್ಯುತ್ತದೆ, ಕಡಲು ಅದನ್ನು ದಂಡೆಗೆ ಎಸೆಯುತ್ತದೆ, ಗಾಳಿ ಅದನ್ನು ದಿಬ್ಬ ಮಾಡುತ್ತದೆ. ದಿಬ್ಬ ನಿಲ್ಲಬೇಕಾದರೆ ಗಿಡ ಬೇಕು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಅದೇ ಸೌಪರ್ಣಿಕಾ, ನಡುವೆ ಹೆದ್ದಾರಿ. ಕಡಲ್ಕೊರೆತಕ್ಕೆ ತಡೆಯಾಗಿ ಕಲ್ಲುಬಂಡೆ ಸುರಿದಲ್ಲಿ ನಮ್ಮ ಚೌಕಕ್ಕೆ ಕೆಲಸವಿಲ್ಲ. ಮರಳು ಇನ್ನೂ ಉಳಿದ ಒಂದು ತುಣುಕನ್ನು ಹುಡುಕಿ, ನೀರಿನ ಅಂಚಿನಿಂದ ಒಳಕ್ಕೆ ಟೇಪು ಎಳೆದೆವು.

ಮೊದಲ ಕೆಲವು ಮೀಟರ್ ಏನೂ ಇಲ್ಲ. ಆಮೇಲೆ ಅಡುಂಬು. ಆಡಿನ ಗೊರಸಿನಂತೆ ಸೀಳಿದ ಎಲೆ, ನಸುನೇರಳೆ ಹೂ. ಗೆಳತಿ ಮರಳಿನಲ್ಲಿ ಅರ್ಧ ಹೂತಿದ್ದ ಒಂದು ಕುಡಿಯನ್ನು ಬೆರಳಿನಿಂದ ಬಿಡಿಸುತ್ತ ಹೋದಳು: ಪ್ರತಿ ಗೆಣ್ಣಿನಲ್ಲೂ ಬೇರು ಇಳಿದಿತ್ತು, ಹಳೆಯ ಗೆಣ್ಣು ಮೊಣಕೈ ಆಳಕ್ಕೆ ಹೋಗಿತ್ತು. ಮರಳು ಮುಚ್ಚಿದಷ್ಟೂ ಬಳ್ಳಿ ಮೇಲೇಳುತ್ತದೆ, ಬಳ್ಳಿ ಎದ್ದಷ್ಟೂ ಮರಳು ನಿಲ್ಲುತ್ತದೆ. ಅದರ ಹಿಂದೆ ರಾವಣನ ಮೀಸೆ, ಅಂದರೆ ಸ್ಪಿನಿಫೆಕ್ಸ್. ಮುಟ್ಟಿದರೆ ಹೆಸರು ಸಾರ್ಥಕವೆನಿಸುವ ಚೂಪು ಹುಲ್ಲು. ಅದರ ಹಿಂದೆ ಕೇದಗೆ, ಹೊನ್ನೆ. ಮಿಷಿಗನ್‌ನಲ್ಲಿ ಇದನ್ನು ಕಾಲದ ಸಾಲು ಎಂದು ಓದಬಹುದಿತ್ತು. ಇಲ್ಲಿ ಇದು ಉಪ್ಪಿನ ಸಾಲು. ಯಾವ ಗಿಡ ಎಷ್ಟು ತುಂತುರು ತಡೆಯಬಲ್ಲದೋ ಅಷ್ಟು ಮುಂದೆ ನಿಂತಿದೆ, ಕಡಲು ಹತ್ತು ಹೆಜ್ಜೆ ಮುಂದೆ ಬಂದರೆ ಹೊನ್ನೆಯ ಜಾಗದಲ್ಲಿ ಮತ್ತೆ ಅಡುಂಬು ಬರುತ್ತದೆ. ಹಿಂದೆ ಸರಿಯಲು ಜಾಗವಿದ್ದರೆ.

ಸ್ವಲ್ಪ ದೂರದಲ್ಲಿ ಗಾಳಿ ಮರದ ತೋಪಿತ್ತು. 1868ರಲ್ಲಿ ಕಾರವಾರದಲ್ಲಿ ಮೊದಲು ತಂದು ನೆಟ್ಟ ಮರವಿದು. ಸೊರಬದ ಕಾನುಗಳನ್ನು ಎಣಿಸಿದ ವರ್ಷವೇ. ಅದರ ಅಡಿಯಲ್ಲೂ ಚೌಕವನ್ನಿಟ್ಟೆವು, ಉದುರಿದ ಕಂದು ಸೂಜಿಗಳ ಹಾಸು ಬಿಟ್ಟರೆ ಬರೆದುಕೊಳ್ಳಲು ಏನೂ ಸಿಗಲಿಲ್ಲ. ಒಂದು ಸೂಜಿಯನ್ನು ಎಳೆದಾಗ ಗೆಣ್ಣಿನಲ್ಲಿ ಕಳಚಿಕೊಂಡಿತು. ಕೈಮಸೂರದಲ್ಲಿ ನೋಡಿದರೆ ಗೆಣ್ಣಿನ ಸುತ್ತ ಹಲ್ಲಿನಂಥ ಚೂರುಗಳು: ಅವೇ ಎಲೆ, ಸೂಜಿ ಎಂದುಕೊಂಡದ್ದು ಹಸಿರು ಕಡ್ಡಿ. ಬೆಟ್ಟದ ಮೇಲೆ ನೆಟ್ಟದ್ದಕ್ಕೂ ಎಲೆಯಿಲ್ಲ, ಕಡಲ ದಂಡೆಯಲ್ಲಿ ನೆಟ್ಟದ್ದಕ್ಕೂ ಎಲೆಯಿಲ್ಲ ಎಂದೆ. ಎಲೆಯ ತಪ್ಪೇನಿಲ್ಲ, ನೆಟ್ಟವರದ್ದು ಎಂದಳು.

ಮಧ್ಯಾಹ್ನ ಮೂರರ ಮೇಲೆ ಕಡಲಗಾಳಿ ಜೋರಾಯಿತು. ರಾವಣನ ಮೀಸೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ; ಹೆಣ್ಣಿನ ಹೂಗೊಂಚಲು ಮುಳ್ಳಿನ ದೊಡ್ಡ ಚೆಂಡಿನಂತಿದ್ದು, ಒಣಗಿದ ಮೇಲೆ ಕಳಚಿಕೊಂಡು ಗಾಳಿಗೆ ಉರುಳುತ್ತ ದಾರಿಯುದ್ದಕ್ಕೂ ಬೀಜ ಬಿಡುತ್ತದೆ. ಅದು ಎಷ್ಟು ದೂರ ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದು ಆಕೆಯ ಈಗಿನ ಕೆಲಸದ ಒಂದು ಭಾಗ. ಮೂರು ಚೆಂಡುಗಳ ತುದಿಗೆ ಕೆಂಪು ಉಗುರುಬಣ್ಣ ಹಚ್ಚಿ, ಆರಲು ಬಿಟ್ಟು, ದಿಬ್ಬದ ನೆತ್ತಿಯಿಂದ ಒಂದೊಂದಾಗಿ ಬಿಟ್ಟೆವು. ಅವು ತುದಿಗಾಲಿನಲ್ಲಿ ಓಡುವ ಮಕ್ಕಳಂತೆ ಹೊರಟವು; ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವುಗಳ ಹಿಂದೆ, ಆಕೆ ಟೇಪು ಹಿಡಿದು ನನ್ನ ಹಿಂದೆ. ಎರಡು ಓರೆಯಾಗಿ ಓಡಿ ಕಲ್ಲುಗೋಡೆಯ ಸಂದಿಗೆ ಸಿಕ್ಕಿಕೊಂಡವು. ಮೂರನೆಯದು ರಸ್ತೆಗೆ ಏರಿ, ಮೀನಿನ ಲಾರಿಯೊಂದರ ಚಕ್ರದಡಿ ಸಿಕ್ಕಿ ಅಲ್ಲೇ ಪುಡಿಯಾಯಿತು.

ಆಕೆ ಪುಸ್ತಕ ತೆಗೆದು ಬರೆದುಕೊಂಡಳು: ಕಲ್ಲು 2, ರಸ್ತೆ 1, ಮರಳು 0. ಆಮೇಲೆ ಇನ್ನೂ ಏಳು ಚೆಂಡುಗಳಿಗೆ ಬಣ್ಣ ಹಚ್ಚಲು ಕುಳಿತಳು.